ಎಸ್‌ಎಂಪಿಎಸ್ ಯಾವುದು, ಎಷ್ಟರದ್ದು? ನಮ್ಮ ಕಡೆಯ ಬಿಸಿಲು, ದೂಳು, ಕರೆಂಟಿಗೆ ತಾಳುವ ಡೆಸ್ಕ್‌ಟಾಪ್

ಕಂಪ್ಯೂಟರ್ ಕಟ್ಟಿಸಲು ಅಂಗಡಿಗೆ ಹೋಗುವವರ ಚೀಟಿಯಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮೂರೂ ಮಾಡೆಲ್ ನಂಬರ್ ಸಮೇತ ಇರುತ್ತವೆ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಹಂಚುವ ಪೆಟ್ಟಿಗೆ) ಎಂಬ ಸಾಲಿನ ಮುಂದೆ ‘450 ವ್ಯಾಟ್’ ಎಂದಷ್ಟೇ ಬರೆದಿರುತ್ತದೆ. ಬಜೆಟ್ ಎರಡು ಸಾವಿರ ಮೀರಿತು ಅನ್ನುವಾಗ ಮೊದಲ ಕತ್ತರಿ ಬೀಳುವುದೂ ಆ ಸಾಲಿಗೇ. ಆದರೆ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳ ಝಳ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಹತ್ತಿ ಎಳೆ, ಬೆಳಗಾವಿಯ ಮಳೆಗಾಲದ ತೇವ, ಪಕ್ಕದ ಗಿರಣಿಯ ಮೋಟಾರು ಶುರುವಾದಾಗ ಕುಸಿಯುವ ವೋಲ್ಟೇಜ್, ಇವೆಲ್ಲವನ್ನೂ ಮೊದಲು ಮೈಮೇಲೆ ತೆಗೆದುಕೊಳ್ಳುವ ಭಾಗ ಅದೇ. ಅದು ಸಾಯುವಾಗ ಯಾವಾಗಲೂ ಒಂಟಿಯಾಗಿ ಸಾಯುವುದಿಲ್ಲ. ಮದರ್‌ಬೋರ್ಡನ್ನೋ ಹಾರ್ಡ್ ಡಿಸ್ಕನ್ನೋ ಕೆಲವು ಸಲ ಜೊತೆಗೆ ಕರೆದೊಯ್ಯುತ್ತದೆ.

ಹಾಗೆಂದು 850 ವ್ಯಾಟಿನದೇ ಬೇಕೆಂದೂ ಇಲ್ಲ. ಲೆಕ್ಕ ಹಾಕಿದರೆ ಹೆಚ್ಚಿನವರಿಗೆ ಬೇಕಾದ್ದು ಅವರು ಅಂದುಕೊಂಡದ್ದಕ್ಕಿಂತ ಕಡಿಮೆ ವ್ಯಾಟ್, ಅವರು ಕೊಡಲು ಸಿದ್ಧರಿದ್ದುದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಣಮಟ್ಟ.

ಮೊದಲು ಕೆಲಸ, ಆಮೇಲೆ ವ್ಯಾಟ್

ಲೆಕ್ಕ ಸರಳ. ಪ್ರೊಸೆಸರ್ ಗರಿಷ್ಠ ಎಷ್ಟು ಎಳೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಎಳೆಯುತ್ತದೆ, ಇವೆರಡನ್ನು ಕೂಡಿಸಿ, ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆಂದು 50ರಿಂದ 70 ವ್ಯಾಟ್ ಸೇರಿಸಿ. ಬಂದದ್ದನ್ನು ಒಂದೂವರೆಯಿಂದ ಗುಣಿಸಿ. ಎಸ್‌ಎಂಪಿಎಸ್ ತನ್ನ ಶಕ್ತಿಯ ಮೂರನೇ ಎರಡರಷ್ಟು ಹೊರೆಯಲ್ಲಿದ್ದರೆ ಫ್ಯಾನ್ ಮೆಲ್ಲಗೆ ತಿರುಗುತ್ತದೆ, ಬಿಸಿ ಕಡಿಮೆ, ಆಯಸ್ಸು ಜಾಸ್ತಿ.

ಇಲ್ಲೊಂದು ಎಡವಟ್ಟಿನ ಜಾಗವಿದೆ. ಇಂಟೆಲ್ ಪೆಟ್ಟಿಗೆಯ ಮೇಲೆ ಕಾಣುವ 65 ವ್ಯಾಟ್ ಎಂಬುದು ಮೂಲ ವೇಗದ ಲೆಕ್ಕ. ಕೋರ್ ಐ5-12400 ಪೂರ್ತಿ ವೇಗಕ್ಕೆ ಏರಿದಾಗ 117 ವ್ಯಾಟ್ ತನಕ ಹೋಗುತ್ತದೆ, ಐ7-14700ಕೆ 125 ಎಂದು ಹೇಳಿಕೊಂಡು 253ಕ್ಕೆ ಏರುತ್ತದೆ. ಎಎಂಡಿಯಲ್ಲಿ ಅಂತರ ಕಡಿಮೆ: 65 ವ್ಯಾಟ್ ಎಂದಿರುವ ರೈಝೆನ್ 5 7600 ಸಾಕೆಟ್ಟಿನಲ್ಲಿ 88 ವ್ಯಾಟ್ ತನಕ ಎಳೆಯಬಹುದು. ಯಾವಾಗಲೂ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ನುಡಿ ಅಥವಾ ಬರಹದಲ್ಲಿ ಟೈಪಿಂಗ್, ಟ್ಯಾಲಿ, ಆನ್‌ಲೈನ್ ಅರ್ಜಿ ತುಂಬುವ ಸೇವಾ ಕೇಂದ್ರದ ಕೆಲಸ ಇವಿಷ್ಟೇ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಕೋರ್ ಐ3-12100 ಗರಿಷ್ಠ 89 ವ್ಯಾಟ್, ಉಳಿದದ್ದು 50. ಒಟ್ಟು 139, ಒಂದೂವರೆಪಟ್ಟು ಅಂದರೆ 210ರ ಹತ್ತಿರ. ಹೇಳಿದ್ದಷ್ಟನ್ನು ನಿಜವಾಗಿ ಕೊಡುವ 400 ವ್ಯಾಟಿನ ಎಸ್‌ಎಂಪಿಎಸ್ ಇದಕ್ಕೆ ಧಾರಾಳ.

ಮದುವೆ ಆಲ್ಬಮ್, ವಿಡಿಯೋ ಎಡಿಟಿಂಗ್ ಮಾಡುವ ಸ್ಟುಡಿಯೋಗೆ ಐ5-12400 ಜೊತೆ ಆರ್‌ಟಿಎಕ್ಸ್ 3060 ಇಟ್ಟರೆ 117, 170, 60 ಸೇರಿ 347. ಗುಣಿಸಿದರೆ 520, ಅಂದರೆ 550 ವ್ಯಾಟ್. ಅದೇ ಜಾಗದಲ್ಲಿ 115 ವ್ಯಾಟಿನ ಆರ್‌ಟಿಎಕ್ಸ್ 4060 ಇಟ್ಟರೆ ಒಟ್ಟು 292ಕ್ಕೆ ಇಳಿಯುತ್ತದೆ, ಒಳ್ಳೆಯ 450 ಸಾಕು. ಸ್ಟುಡಿಯೋಗಳಲ್ಲಿ ಯುಪಿಎಸ್ ಮೇಲೆ ದಿನವಿಡೀ ನಡೆಯುವ ಮಷೀನಿಗೆ ಈ 55 ವ್ಯಾಟಿನ ವ್ಯತ್ಯಾಸ ದೊಡ್ಡದು. ಆದರೆ 3060ರ 12 ಜಿಬಿ ಮಾದರಿಯ ಮೆಮೊರಿ 4060ರಲ್ಲಿ ಇಲ್ಲ, ಅದರಲ್ಲಿ 8 ಜಿಬಿ ಮಾತ್ರ. ದೊಡ್ಡ ಪದರಗಳ ವಿಡಿಯೋ ಕೆಲಸವೇ ಮುಖ್ಯವಾದರೆ 3060 ಹಿಡಿದು 550ಕ್ಕೆ ಹೋಗಿ, ಆಲ್ಬಮ್ ವಿನ್ಯಾಸವೇ ಹೆಚ್ಚಾದರೆ 4060.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಫೌಂಡ್ರಿ, ಹೈಡ್ರಾಲಿಕ್ಸ್ ಭಾಗಗಳ ಮೂರು ಆಯಾಮದ ನಕ್ಷೆ ತೆಗೆಯುವವರು ಗ್ರಾಫಿಕ್ಸಿಗಿಂತ ಪ್ರೊಸೆಸರಿನ ಒಂಟಿ ಕೋರ್ ವೇಗಕ್ಕೂ 32 ಜಿಬಿ ರ‍್ಯಾಮಿಗೂ ಹಣ ಹಾಕಬೇಕು. ಐ5-14600ಕೆ ಗರಿಷ್ಠ 181 ವ್ಯಾಟ್. ಮಧ್ಯಮ ಕಾರ್ಡಿನ ಜೊತೆ ಇದಕ್ಕೆ 650 ಸರಿ. ಇದೇ ಪ್ರೊಸೆಸರಿಗೆ 250 ವ್ಯಾಟಿನ ಆರ್‌ಟಿಎಕ್ಸ್ 5070 ಸೇರಿಸಿ ಗೇಮ್ ಆಡುವ ಮಷೀನ್ ಮಾಡಿದರೆ ಉಳಿದದ್ದರ 70 ಸೇರಿ 501. ಅಲ್ಲಿಗೆ 750 ವ್ಯಾಟ್ ಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸೋಣ. 750 ವ್ಯಾಟಿನ ಎಸ್‌ಎಂಪಿಎಸ್ ಹಾಕಿದರೆ ಮೀಟರು 750 ವ್ಯಾಟ್ ಓಡುವುದಿಲ್ಲ. ಒಳಗಿನ ಭಾಗಗಳು ಎಷ್ಟು ಕೇಳುತ್ತವೋ ಅಷ್ಟನ್ನೇ ಅದು ಎಳೆಯುತ್ತದೆ, ಮೇಲೊಂದಿಷ್ಟು ಬಿಸಿಯಾಗಿ ಕಳೆಯುತ್ತದೆ.

ಪೆಟ್ಟಿಗೆಯ ಅಂಕಿ ಬಿಡಿ, ಪಕ್ಕದ ಲೇಬಲ್ ಓದಿ

ಎಸ್‌ಎಂಪಿಎಸ್ ಮೈಗೆ ಅಂಟಿಸಿದ ಪಟ್ಟಿಯಲ್ಲಿ ಪ್ರತಿ ವೋಲ್ಟೇಜಿಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಇಂದಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನಿಂದ. ಆದ್ದರಿಂದ ನೋಡಬೇಕಾದ್ದು ಆ ಒಂದು ಸಾಲು: ಆಂಪಿಯರನ್ನು 12ರಿಂದ ಗುಣಿಸಿದರೆ ನಿಜವಾದ ಶಕ್ತಿ ಸಿಗುತ್ತದೆ. ಕ್ಯಾಬಿನೆಟ್ ಜೊತೆಗೇ ಬರುವ, ಸಾವಿರ ರೂಪಾಯಿಯೊಳಗಿನ ಲೋಕಲ್ ‘450 ವ್ಯಾಟ್’ ಮಾಲಿನಲ್ಲಿ 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ ಅದು 192 ವ್ಯಾಟ್. ಉಳಿದ ಅಂಕಿಯನ್ನು ಈಗಿನ ಮಷೀನ್ ಹೆಚ್ಚು ಬಳಸದ 5 ಮತ್ತು 3.3 ವೋಲ್ಟಿನ ಸಾಲುಗಳಿಂದ ತುಂಬಿಸಿರುತ್ತಾರೆ. ಒಳ್ಳೆಯ 550 ವ್ಯಾಟಿನದರಲ್ಲಿ ಇದೇ ಸಾಲು 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಹೆಚ್ಚುಕಡಿಮೆ ಪೂರ್ತಿ ಶಕ್ತಿ 12 ವೋಲ್ಟಿನಲ್ಲೇ.

ಮೇಲಿನ ಸ್ಟುಡಿಯೋ ಮಷೀನಿನ ಪ್ರೊಸೆಸರು, ಕಾರ್ಡ್ ಎರಡೇ ಸೇರಿ 287 ವ್ಯಾಟ್, ಅಂದರೆ 24 ಆಂಪಿಯರ್. 16 ಆಂಪಿಯರಿನ ಲೋಕಲ್ ಮಾಲಿಗೆ ಅದನ್ನು ಕಟ್ಟಿದರೆ ಟೈಪಿಂಗ್, ಯೂಟ್ಯೂಬ್ ಎಲ್ಲ ನೆಟ್ಟಗೆ ನಡೆಯುತ್ತದೆ. ರೆಂಡರಿಂಗ್ ಶುರುಮಾಡಿದ ಹತ್ತು ಸೆಕೆಂಡಿಗೆ ಮಷೀನ್ ರೀಸ್ಟಾರ್ಟ್. ವಿಂಡೋಸ್ ಕೆಟ್ಟಿದೆ, ರ‍್ಯಾಮ್ ಕೆಟ್ಟಿದೆ ಎಂದು ಎರಡು ವಾರ ಓಡಾಡುವವರ ಸಮಸ್ಯೆಯ ಮೂಲ ಬಹಳ ಸಲ ಇಷ್ಟೇ.

12 ವೋಲ್ಟಿನ ಸಾಲು ಎರಡಾಗಿ ಬರೆದಿದ್ದರೆ, ತಲಾ 18 ಆಂಪಿಯರ್ ಎಂದಿದ್ದರೆ, ಕೂಡಿಸಿ 36 ಎನ್ನಬೇಡಿ. ಎರಡೂ ಸೇರಿ ಇಷ್ಟು ವ್ಯಾಟ್ ಎಂದು ಕೆಳಗೆ ಇನ್ನೊಂದು ಅಂಕಿ ಇರುತ್ತದೆ, ಅದೇ ಮಿತಿ.

ಲೇಬಲ್ಲೇ ಸುಳ್ಳಾಗಿದ್ದರೆ? ಕೈಗೆತ್ತಿಕೊಂಡು ನೋಡಿ: ಲೋಕಲ್ ಮಾಲು ಹಗುರ, ಒಳಗಿನ ಹೀಟ್‌ಸಿಂಕ್ ತಗಡಿನಷ್ಟು ತೆಳು. ಫ್ಯಾನ್ ಜಾಲರಿಯಿಂದ ಟಾರ್ಚ್ ಬಿಟ್ಟರೆ ಕರೆಂಟ್ ಒಳಬರುವ ಕಡೆ ತಾಮ್ರದ ಸುರುಳಿಗಳ ಫಿಲ್ಟರ್ ಇರಬೇಕಾದ ಜಾಗ ಖಾಲಿ ಕಾಣುತ್ತದೆ. ಪ್ರೊಸೆಸರಿಗೆ 8 ಪಿನ್ನಿನ ಬದಲು 4 ಪಿನ್ ಮಾತ್ರ, ಗ್ರಾಫಿಕ್ಸ್ ಕಾರ್ಡಿಗೆ 6+2 ಪಿನ್ ಇಲ್ಲವೇ ಇಲ್ಲ. ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ವಿನ್ಯಾಸ. ಮಕ್ಕಳು ಆಟವಾಡುತ್ತ ಅದನ್ನು 115ಕ್ಕೆ ಜಾರಿಸಿದರೆ, ನಮ್ಮ 230 ವೋಲ್ಟಿಗೆ ಸ್ವಿಚ್ ಹಾಕಿದ ಕೂಡಲೇ ಡಬ್ ಎಂದು ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಮುಗಿಯಿತು.

ಬ್ರಾಂಜ್, ಗೋಲ್ಡ್, ಸೆಕೆಂಡ್ ಹ್ಯಾಂಡ್

80 ಪ್ಲಸ್ ಎಂಬ ಗುರುತು 2004ರಿಂದ ಇದೆ. ಅದು ಹೇಳುವುದು ದಕ್ಷತೆಯೊಂದನ್ನೇ; ಬ್ರಾಂಜ್, ಗೋಲ್ಡ್ ಎಂಬುವು ಅದರ ದರ್ಜೆಗಳು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಶೇ. 85, ಗೋಲ್ಡ್ ಶೇ. 90 ಮುಟ್ಟಬೇಕು, ನಮ್ಮ 230 ವೋಲ್ಟಿನಲ್ಲಿ ಒಂದೆರಡು ಅಂಶ ಮೇಲೇ ಇರುತ್ತದೆ. ವೋಲ್ಟೇಜ್ ಎಷ್ಟು ಸ್ಥಿರ, ರಕ್ಷಣೆಯ ಸರ್ಕ್ಯೂಟ್ ಇದೆಯೋ ಇಲ್ಲವೋ, ಎಷ್ಟು ವರ್ಷ ಬಾಳುತ್ತದೆ ಎಂಬುದರ ಬಗ್ಗೆ ಆ ಚೀಟಿ ತುಟಿ ಬಿಚ್ಚುವುದಿಲ್ಲ. ಇನ್ನೊಂದು: ಆ ಪರೀಕ್ಷೆ ನಡೆಯುವುದು 23 ಡಿಗ್ರಿಯ ಕೋಣೆಯಲ್ಲಿ. ವಿಜಯಪುರದಲ್ಲಿ ಮೇ ತಿಂಗಳಲ್ಲಿ ಆ 23 ಡಿಗ್ರಿ ನಸುಕಿನಲ್ಲೂ ಸಿಗುವುದು ಕಷ್ಟ.

ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆ ನೋಡೋಣ. ಮಷೀನ್ ಒಳಗೆ 250 ವ್ಯಾಟ್ ಉಣ್ಣುತ್ತಿದ್ದರೆ ಬ್ರಾಂಜ್ ಗೋಡೆಯಿಂದ 294, ಗೋಲ್ಡ್ 278 ಎಳೆಯುತ್ತದೆ. ದಿನಕ್ಕೆ 8 ತಾಸು, ವರ್ಷಕ್ಕೆ 300 ದಿನ ಎಂದರೆ 16 ವ್ಯಾಟಿನ ಅಂತರ 39 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 310 ರೂಪಾಯಿ. 60 ವ್ಯಾಟ್ ಉಣ್ಣುವ ಆಫೀಸ್ ಮಷೀನಿನಲ್ಲಿ ಈ ಉಳಿತಾಯ ನೂರು ರೂಪಾಯಿ ದಾಟುವುದೇ ಕಷ್ಟ. ಬಿಲ್ ಉಳಿಸಲೆಂದು ಗೋಲ್ಡ್ ಕೊಳ್ಳುವುದರಲ್ಲಿ ಹುರುಳಿಲ್ಲ.

ಗೋಲ್ಡ್ ಕೊಳ್ಳಲು ಇರುವ ನಿಜವಾದ ಕಾರಣ ಬಿಸಿ. ಬ್ರಾಂಜ್ 44 ವ್ಯಾಟನ್ನು ಶಾಖವಾಗಿ ಕಳೆಯುವ ಕಡೆ ಗೋಲ್ಡ್ 28 ಕಳೆಯುತ್ತದೆ. ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನ ಹಳೆಯ ಲೆಕ್ಕ. ಬೆಳಗಾವಿಯಲ್ಲಿ ಆರು ವರ್ಷ ಬಾಳಿದ ಮಾಲು ಬಾಗಲಕೋಟೆಯ ಶೀಟ್ ಮನೆಯಲ್ಲಿ ಅದೇ ಆಯಸ್ಸು ಕಾಣುವುದಿಲ್ಲ. ಆದ್ದರಿಂದ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಕೆಪಾಸಿಟರ್ 105 ಡಿಗ್ರಿಯದೋ 85 ಡಿಗ್ರಿಯದೋ? ಪೂರ್ತಿ ವ್ಯಾಟ್ ಕೊಡುತ್ತೇನೆಂದು ಕಂಪನಿ ಹೇಳಿರುವುದು 40 ಡಿಗ್ರಿ ಗಾಳಿಯಲ್ಲೋ 50ರಲ್ಲೋ? ಕ್ಯಾಬಿನೆಟ್ ಒಳಗಿನ ಗಾಳಿ ಕೋಣೆಗಿಂತ ಐದಾರು ಡಿಗ್ರಿ ಹೆಚ್ಚೇ ಇರುವುದರಿಂದ, 40ರ ಲೆಕ್ಕದ ಮಾಲಿನಿಂದ ಬೇಸಿಗೆಯ ಮಧ್ಯಾಹ್ನ ಪೂರ್ತಿ ಶಕ್ತಿ ನಿರೀಕ್ಷಿಸಬಾರದು. ಇವೆರಡೂ ಸರಿ ಇದ್ದು 5 ವರ್ಷ ವಾರಂಟಿ ಇರುವ ಬ್ರಾಂಜ್, ಹೆಸರಿಲ್ಲದ ಗೋಲ್ಡ್‌ಗಿಂತ ಮೇಲು.

ನಮ್ಮ ತೀರ್ಮಾನ ಹೀಗಿದೆ. ಕಾರ್ಡ್ ಇಲ್ಲದ ಆಫೀಸ್ ಮಷೀನಿಗೆ ಹೆಸರಿರುವ ಕಂಪನಿಯ 400–450 ವ್ಯಾಟಿನ ಬ್ರಾಂಜ್. ಲೋಕಲ್ ಮಾಲಿನ ಕೆಲವು ಪಟ್ಟು ಬೆಲೆಯಾದರೂ ಇಡೀ ಮಷೀನಿನ ಬೆಲೆಯ ಮುಂದೆ ಅದು ಸಣ್ಣ ಪಾಲು. 200 ವ್ಯಾಟಿನೊಳಗಿನ ಕಾರ್ಡಿಗೆ, ಮೇಲಿನ ಲೆಕ್ಕ ಹಾಕಿಕೊಂಡು, 450–650ರ ಬ್ರಾಂಜ್. ಅದಕ್ಕೂ ಮೇಲಿನ ಕಾರ್ಡಿಗೆ, ಅಥವಾ ದಿನಕ್ಕೆ ಹತ್ತು ತಾಸು ರೆಂಡರಿಂಗ್ ನಡೆಯುವ ಕಡೆ, 750ರ ಗೋಲ್ಡ್, ಅದೂ ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ ನಿಯಮ) 3.0 ಅಥವಾ 3.1 ಮಾದರಿಯದು. ದೊಡ್ಡ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಮಿತಿಯ ಇಮ್ಮಡಿ ಎಳೆದುಬಿಡುತ್ತವೆ. 2022ರ ಎಟಿಎಕ್ಸ್ 3.0 ನಿಯಮ ಅಂಥ ಜಿಗಿತವನ್ನು ಎಸ್‌ಎಂಪಿಎಸ್ ಆಫ್ ಆಗದೆ ತಾಳಬೇಕೆಂದು ಹೇಳುತ್ತದೆ.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್, ರ‍್ಯಾಮ್ ಧೈರ್ಯವಾಗಿ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ; ಅದು ಸವೆಯುವ ಭಾಗ, ಎಷ್ಟು ಸವೆದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಕಚೇರಿಗಳಿಂದ ಹೊರಬಂದ ಬ್ರಾಂಡೆಡ್ ರಿಫರ್ಬಿಷ್ಡ್ ಡೆಸ್ಕ್‌ಟಾಪ್ ಬೇರೆ ಮಾತು. ಟೈಪಿಂಗ್ ಕೆಲಸಕ್ಕೆ ಅವು ಬಹಳ ಒಳ್ಳೆಯ ಆಯ್ಕೆ, ಒಳಗಿನ ಎಸ್‌ಎಂಪಿಎಸ್ ಸಾಮಾನ್ಯವಾಗಿ ಗಟ್ಟಿ. ಆದರೆ ಅವುಗಳ ಆಕಾರವೂ ಮದರ್‌ಬೋರ್ಡಿಗೆ ಹೋಗುವ ಕನೆಕ್ಟರೂ ಬಹಳ ಮಾದರಿಗಳಲ್ಲಿ ಆಯಾ ಕಂಪನಿಯದೇ; ಅಂಗಡಿಯ 24 ಪಿನ್ನಿನ ಎಟಿಎಕ್ಸ್ ಅಲ್ಲಿ ಕೂರುವುದಿಲ್ಲ. ಮುಂದೆ ಕಾರ್ಡ್ ಹಾಕುವ ಆಸೆ ಇದ್ದರೆ ಸ್ಲಾಟಿನಿಂದಲೇ 75 ವ್ಯಾಟ್ ಪಡೆದು ನಡೆಯುವ, ಬೇರೆ ವೈರ್ ಬೇಡದ ಜಿಟಿಎಕ್ಸ್ 1650ರಂಥದ್ದಕ್ಕೆ ಮಾತ್ರ ಅಲ್ಲಿ ಜಾಗ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ

ಇದನ್ನು ‘ಸಣ್ಣ ಶಾಕ್, ಎಲ್ಲ ಕಂಪ್ಯೂಟರ್‌ನಲ್ಲೂ ಇರುತ್ತೆ’ ಎಂದು ಬಿಟ್ಟುಬಿಡುವುದೇ ಹೆಚ್ಚು. ಕಾರಣ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಕೂಡಿರುತ್ತದೆ, ಕರೆಂಟಿನಲ್ಲಿನ ಗದ್ದಲವನ್ನು (ನಾಯ್ಸ್) ಅರ್ಥಿಗೆ ಇಳಿಸಲು. ಅರ್ಥ್ ತಂತಿ ಇಲ್ಲದಾಗ ಎರಡರ ನಡುವೆ ಸಿಕ್ಕ ಕ್ಯಾಬಿನೆಟ್ಟಿನ ಮೈ 230ರ ಅರ್ಧ, ಅಂದರೆ 115 ವೋಲ್ಟ್ ಸುತ್ತ ತೇಲುತ್ತದೆ. ಹರಿಯುವ ಕರೆಂಟ್ ಅತಿ ಸಣ್ಣದಾದ್ದರಿಂದ ಕೈಗೆ ಜುಮ್ ಅಷ್ಟೇ. ಆದರೆ ಆನ್ ಇರುವಾಗಲೇ ಪ್ರಿಂಟರ್ ಕೇಬಲ್ಲು, ಟಿವಿಯ ಎಚ್‌ಡಿಎಂಐ ಚುಚ್ಚಿದರೆ ಆ ವೋಲ್ಟೇಜ್ ಪೋರ್ಟಿನ ಮೂಲಕ ಇಳಿಯುತ್ತದೆ. ಯುಎಸ್‌ಬಿ, ಎಚ್‌ಡಿಎಂಐ ಪೋರ್ಟ್ ಸತ್ತು ಕೂರುವುದಕ್ಕೆ ಇದೊಂದು ಕಾರಣ. ಇನ್ನು ಒಳಗೆ ಫೇಸ್ ತಂತಿ ನೇರ ಮೈಗೆ ತಗಲಿದರೆ ಅರ್ಥ್ ಇಲ್ಲದ ಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಪರೀಕ್ಷೆ ಮಾಡಲು ಎಲೆಕ್ಟ್ರಿಷಿಯನ್‌ಗೆ ಐದು ನಿಮಿಷ ಸಾಕು. ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗಿಟ್ಟು ಫೇಸ್–ನ್ಯೂಟ್ರಲ್ ನಡುವೆ 230 ಸುತ್ತ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿನೊಳಗೆ ಬರಬೇಕು. ಫೇಸ್–ಅರ್ಥ್ ಅಂಕಿ ನೂರು, ನೂರೈವತ್ತು ಎಂದು ತೂಗಾಡುತ್ತಿದ್ದರೆ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಬರೀ ಅಲಂಕಾರ.

ನಮ್ಮ ಎರೆಭೂಮಿಯಲ್ಲಿ ಇನ್ನೊಂದು ತೊಂದರೆ ಇದೆ. ಬೇಸಿಗೆಯಲ್ಲಿ ಎರೆಮಣ್ಣು ಕುಗ್ಗಿ ಬಿರಿಯುತ್ತದೆ; ಅರ್ಥ್ ಪೈಪಿನ ಸುತ್ತಲಿನ ಮಣ್ಣು ಬಿಟ್ಟುಕೊಂಡು ಸಂಪರ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಸರಿ ಇದ್ದ ಅರ್ಥಿಂಗ್ ಮಾರ್ಚ್ ಹೊತ್ತಿಗೆ ಕೈಕೊಡುವುದು ಹೀಗೆ. ಪೈಪಿನ ಗುಂಡಿಗೆ ಇದ್ದಿಲು–ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದು ಹಳೆಯ ಪದ್ಧತಿ, ಈಗಲೂ ಕೆಲಸ ಮಾಡುತ್ತದೆ.

ಕೆಲವು ಎಸ್‌ಎಂಪಿಎಸ್ ಜೊತೆ ಹೊರದೇಶದ ಎರಡು ಗುಂಡು ಪಿನ್ನಿನ ಕೇಬಲ್ ಬರುತ್ತದೆ. ಅದನ್ನು ಕನ್ವರ್ಟರ್ ಪ್ಲಗ್ಗಿಗೆ ಚುಚ್ಚಿದರೆ ಅರ್ಥ್ ಅಲ್ಲೇ ತುಂಡಾಯಿತು. ಮೂರು ಪಿನ್ನಿನ ಐಎಸ್‌ಐ ಕೇಬಲ್ ಕೊಂಡು ಬದಲಿಸಿ.

ಸ್ಟೆಬಿಲೈಜರ್, ಯುಪಿಎಸ್, ಇನ್ವರ್ಟರ್: ಯಾವುದು ಯಾವುದಕ್ಕೆ

ಲೇಬಲ್ ಮೇಲೆ 100–240 ವೋಲ್ಟ್ ಎಂದಿದ್ದು, ಕರೆಂಟನ್ನು ಲೈನಿನ ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್, ಅಂದರೆ ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಆದರೆ ಸ್ಟೆಬಿಲೈಜರ್ ಬೇಡ. ತೋಟದ ಮನೆಯಲ್ಲಿ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ 160ಕ್ಕೆ ಇಳಿದರೂ ಅದು ನಡೆಯುತ್ತಲೇ ಇರುತ್ತದೆ. ಸ್ವಲ್ಪ ಹೆಚ್ಚು ಆಂಪಿಯರ್ ಎಳೆಯುತ್ತದೆ, ಅಷ್ಟೇ. ರಿಲೇ ಟಕ್ ಟಕ್ ಅನ್ನುವ ಸ್ಟೆಬಿಲೈಜರನ್ನು ಅದರ ಮುಂದಿಡುವುದು ಇಲ್ಲದ ತೊಡಕನ್ನು ತಂದುಕೊಂಡಂತೆ. 200–240 ಎಂದಷ್ಟೇ ಬರೆದಿದ್ದರೆ ಮಾತ್ರ ಲೆಕ್ಕ ಬೇರೆ.

ಹೆಚ್ಚಿನ ವೋಲ್ಟೇಜ್ ಬೇರೆಯೇ ರೋಗ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಒಂದು ಫೇಸಿನ ಮನೆಗೆ 300, 350 ದಾಟಿಯೂ ಬರಬಹುದು, ನಿಮಿಷಗಟ್ಟಲೆ. ಸ್ಪೈಕ್ ಬಸ್ಟರ್ ಒಳಗಿನ ಎಂಒವಿ ಎಂಬ ಸಣ್ಣ ಬಿಲ್ಲೆ ಕ್ಷಣದ ಏಟನ್ನು ತಡೆಯಲು ಇರುವುದು. ಇಷ್ಟು ಹೊತ್ತಿನ ಹೊಡೆತಕ್ಕೆ ಅದೇ ಸುಟ್ಟುಹೋಗುತ್ತದೆ. ಬೇಕಾದ್ದು 270ರ ಸುತ್ತ ತಾನಾಗಿ ಲೈನ್ ಕಡಿಯುವ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಮೇನ್ ಬೋರ್ಡಿನಲ್ಲಿ ಒಮ್ಮೆ ಕೂರಿಸಿದರೆ ಫ್ರಿಜ್, ಟಿವಿ ಎಲ್ಲಕ್ಕೂ ಕಾವಲು. ಒಂದೇ ಸಾಧನಕ್ಕೆ ಹಣ ಇದ್ದರೆ ಸ್ಟೆಬಿಲೈಜರ್ ಬಿಟ್ಟು ಇದನ್ನೇ ತನ್ನಿ.

ಇನ್ನು ಯುಪಿಎಸ್. ‘ಯುಪಿಎಸ್ ಇದೆ, ಆದರೂ ಕರೆಂಟ್ ಹೋದಾಗ ಮಷೀನ್ ರೀಸ್ಟಾರ್ಟ್ ಆಗುತ್ತದೆ’ ಎಂಬ ದೂರಿನಲ್ಲಿ ಬಹಳ ಸಲ ತಪ್ಪು ಯುಪಿಎಸ್‌ನದಲ್ಲ. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು 4ರಿಂದ 8 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಒಳಗಿನ ದೊಡ್ಡ ಕೆಪಾಸಿಟರಿನಿಂದ ಮಷೀನನ್ನು ನಡೆಸಬೇಕು. ಎಟಿಎಕ್ಸ್ ನಿಯಮ ಕೇಳುವುದು 16–17 ಮಿಲಿಸೆಕೆಂಡ್. ಲೋಕಲ್ ಮಾಲಿನಲ್ಲಿ ಆ ಕೆಪಾಸಿಟರ್ ಸಣ್ಣದು, ಬಿಸಿಯಲ್ಲಿ ಎರಡು ವರ್ಷ ಕಳೆದ ಮೇಲೆ ಇನ್ನೂ ಸೊರಗಿರುತ್ತದೆ. ಐದು ಮಿಲಿಸೆಕೆಂಡೂ ತಾಳದೆ ಕೈಬಿಡುತ್ತದೆ.

ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಇಡಬೇಕು. ನಾರ್ಮಲ್ ಮೋಡಿನಲ್ಲಿ ಬದಲಾವಣೆಯ ಹೊತ್ತು 16 ಮಿಲಿಸೆಕೆಂಡ್ ದಾಟುತ್ತದೆ, ಯಾವ ಒಳ್ಳೆಯ ಎಸ್‌ಎಂಪಿಎಸ್ಸೂ ಭರವಸೆ ಕೊಡಲಾರದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆ್ಯಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್ ಜೊತೆ ಹೊಂದುವುದಿಲ್ಲ: ಗುಂಯ್ ಎಂಬ ಸದ್ದು, ಓವರ್‌ಲೋಡ್ ಎಂಬ ಬೀಪ್, ಕೊನೆಗೆ ಆಫ್. 600 ವಿಎ ಸಣ್ಣ ಯುಪಿಎಸ್‌ಗಳ ಅಲೆಯೂ ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿಯೇ ಇರುತ್ತದೆ. ಸಣ್ಣ ಹೊರೆಗೆ ನಡೆದುಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಮಷೀನಿಗೆ ಶುದ್ಧ ಸೈನ್ ವೇವ್ ಇರುವುದನ್ನೇ ಕೊಳ್ಳಿ.

ಅಳತೆಯ ಲೆಕ್ಕ: 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, 1000 ವಿಎ ಅಂದರೆ 600. ಮಾನಿಟರ್ ಸೇರಿ 120 ವ್ಯಾಟ್ ಎಳೆಯುವ ಆಫೀಸ್ ಮಷೀನಿಗೆ 600 ವಿಎ ಸಾಕು. ಅದರೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹತ್ತು–ಹದಿನೈದು ನಿಮಿಷ ಕೊಡುತ್ತದೆ, ಕೆಲಸ ಸೇವ್ ಮಾಡಿ ಮುಚ್ಚಲು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಕೊಡಬೇಡಿ. ಒಳಗಿನ ಹೀಟರ್ ಒಮ್ಮೆಗೇ ಸಾವಿರ ವ್ಯಾಟಿನ ಹತ್ತಿರ ಎಳೆದು ಯುಪಿಎಸ್ ಕುಸಿಯುತ್ತದೆ. ಬ್ಯಾಟರಿ ಎರಡು–ಮೂರು ವರ್ಷದ ಮಾಲು, ಬಿಸಿಯ ಊರಲ್ಲಿ ಎರಡೇ ಎಂದು ಹಿಡಿಯಿರಿ.

ಉಳಿದ ಭಾಗಗಳು

ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಅಗ್ಗ ಎಂದು ತಂದು ಕಾರ್ಡ್ ಇಲ್ಲದೆ ಕೂರಿಸಿದರೆ ಪರದೆ ಕಪ್ಪು. ರೈಝೆನ್ 5 5600 ಕೂಡ ಹಾಗೆಯೇ, 5600ಜಿಯಲ್ಲಿ ಗ್ರಾಫಿಕ್ಸ್ ಇದೆ. ಐದಾರು ವರ್ಷ ಇಟ್ಟುಕೊಂಡು ನಡುವೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದರೆ ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಒಳ್ಳೆಯದು, ಅಲ್ಲಿ ಡಿಡಿಆರ್5 ಬಗೆಯ ರ‍್ಯಾಮ್ ಮಾತ್ರ ನಡೆಯುತ್ತದೆ. ಎಲ್‌ಜಿಎ 1700 ಎಂಬ ಇಂಟೆಲ್ ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಬಗೆ ಉಂಟು. ಪಿನ್ ಎಣಿಕೆ ಎರಡಕ್ಕೂ 288 ಆದರೂ ಕಚ್ಚು ಬೇರೆ ಕಡೆ, ಒಂದರದ್ದು ಇನ್ನೊಂದಕ್ಕೆ ಕೂರದು. ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ, ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಕೊಂಡರೆ ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿಸಿ. ಹೆಚ್ಚಿನ ವೋಲ್ಟೇಜಿನಿಂದ ಚಿಪ್ ಹಾಳಾಗುವ ದೋಷಕ್ಕೆ ಇಂಟೆಲ್ 2024ರಲ್ಲಿ ತಿದ್ದುಪಡಿ ಕೊಟ್ಟಿದೆ.

16 ಜಿಬಿ ಬೇಕಾದರೆ 8ರ ಎರಡು ಕಡ್ಡಿ. ವಿಂಡೋಸಿಗೆ ಎನ್‌ವಿಎಂಇ ಎಸ್‌ಎಸ್‌ಡಿ, ಫೋಟೋ ಸಂಗ್ರಹಕ್ಕೆ ಹಾರ್ಡ್ ಡಿಸ್ಕ್. ಎಚ್610 ಎಂಬ ಅಗ್ಗದ ಮದರ್‌ಬೋರ್ಡ್ ಐ3, ಐ5-12400ಕ್ಕೆ ಸರಿ. ಪ್ರೊಸೆಸರಿಗೆ ಕರೆಂಟ್ ಇಳಿಸಿಕೊಡುವ, ಹೀಟ್‌ಸಿಂಕ್ ಇಲ್ಲದ ಅದರ ವಿಆರ್‌ಎಂ ಮೇಲೆ ಐ7-14700ಕೆ ಕೂರಿಸಿದರೆ ಬೇಸಿಗೆಯಲ್ಲಿ ವೇಗ ಬಹಳ ಇಳಿಯಬಹುದು. ಕೋಣೆ 25ರಿಂದ 40ಕ್ಕೆ ಏರಿದರೆ ಪ್ರೊಸೆಸರಿನ ಬಿಸಿಯೂ ಸುಮಾರು ಅಷ್ಟೇ 15 ಡಿಗ್ರಿ ಏರುತ್ತದೆ. ಬೆಂಗಳೂರಿನವರ ವಿಡಿಯೋ ನೋಡಿ ಕೂಲರ್ ಆರಿಸುವಾಗ ಈ ಲೆಕ್ಕ ಮರೆಯಬೇಡಿ.

ಕ್ಯಾಬಿನೆಟ್ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಜಾಲರಿಯ ಹಿಂದೆ ತೆಗೆದು ತೊಳೆಯುವ ಫಿಲ್ಟರ್ ಇರಲಿ. ಮಗ್ಗದ ಮನೆಯಲ್ಲಿ ಸೀರೆ ಡಿಸೈನ್ ಮಾಡುವ ಮಷೀನಿನ ಫಿಲ್ಟರ್ 15 ದಿನಕ್ಕೊಮ್ಮೆ ತೊಳೆಯದಿದ್ದರೆ ಹತ್ತಿ ಎಳೆ ಕಂಬಳಿಯಂತೆ ಕೂರುತ್ತದೆ. ಎಸ್‌ಎಂಪಿಎಸ್ ಕೆಳಗೆ ಕೂರುವ ಕ್ಯಾಬಿನೆಟ್ ಆದರೆ, ಅಡಿಯಲ್ಲಿ ಜಾಲರಿ ಇದ್ದಾಗ ಫ್ಯಾನ್ ಕೆಳಮುಖ, ಇಲ್ಲದಿದ್ದರೆ ಮೇಲ್ಮುಖ. ನೆಲದ ಮೇಲೆ ನೇರವಾಗಿ ಇಡದೆ ನಾಲ್ಕು ಇಂಚಿನ ಮಣೆಯ ಮೇಲಿಡಿ. ನೆಲ ಒರೆಸುವ ನೀರೂ ದೂಳೂ ಎರಡೂ ತಪ್ಪುತ್ತವೆ. ಕೆಳಗಿನಿಂದ ಬೋರ್ಡಿನ ಮೇಲ್ಮೂಲೆಗೆ ಪ್ರೊಸೆಸರ್ ಕೇಬಲ್ ಮುಟ್ಟಲು 60–65 ಸೆಂಟಿಮೀಟರ್ ಉದ್ದ ಬೇಕು, ಅಗ್ಗದವುಗಳಲ್ಲಿ ಅಷ್ಟಿರುವುದಿಲ್ಲ. ಮಳೆಗಾಲದಲ್ಲಿ ಬೆಳಗಾವಿ, ಖಾನಾಪುರದ ಕಡೆ ವಾರಗಟ್ಟಲೆ ಮುಚ್ಚಿಟ್ಟ ಮಷೀನನ್ನು ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ, ತೇವ ಹೀರಿದ ದೂಳು ಬೋರ್ಡಿನ ಮೇಲೆ ಉಳಿಯಬಾರದು.

ಜೋಡಿಸುವಾಗ ಸುಡುವುದು ಇಲ್ಲಿ

ಪ್ರೊಸೆಸರಿನ 4+4 ಪಿನ್, ಕಾರ್ಡಿನ 6+2 ಪಿನ್ ನೋಡಲು ಅಣ್ಣತಮ್ಮಂದಿರಂತೆ ಇವೆ. 12 ವೋಲ್ಟ್ ಮತ್ತು ಗ್ರೌಂಡ್ ಸಾಲು ಅದಲುಬದಲು. ಒತ್ತಿ ಕೂರಿಸಿದರೆ ಶಾರ್ಟ್.

ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ತೆಗೆಯಬಹುದಾದ, ಎಸ್‌ಎಂಪಿಎಸ್‌ನ ಕೇಬಲ್ ಆ ಎಸ್‌ಎಂಪಿಎಸ್‌ಗೆ ಮಾತ್ರ. ಡಿಸ್ಕಿನ ಕಡೆಯ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಹಳೆಯ ಕೇಬಲ್ ಹಾಗೇ ಬಿಟ್ಟು ಹೊಸದನ್ನು ಚುಚ್ಚಿದವರ ಹಾರ್ಡ್ ಡಿಸ್ಕಿಗೆ 5 ವೋಲ್ಟಿನ ಜಾಗದಲ್ಲಿ 12 ವೋಲ್ಟ್ ಹೋಗಿ ಹತ್ತು ವರ್ಷದ ಫೋಟೋ ಒಂದೇ ಕ್ಷಣಕ್ಕೆ ಹೋಗುತ್ತವೆ. ಎಸ್‌ಎಂಪಿಎಸ್ ಬದಲಿಸಿದರೆ ಎಲ್ಲ ಕೇಬಲ್ ಬದಲಿಸಿ.

ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರಿನ 12 ವೋಲ್ಟ್ ಮಿತಿ 4.5 ಆಂಪಿಯರ್, ಅಂದರೆ 54 ವ್ಯಾಟ್. ಕಾರ್ಡಿನ 6 ಪಿನ್ 75 ಎಳೆಯಬಲ್ಲದು. ‘ಸಾಟಾದಿಂದ 6 ಪಿನ್’ ಕನ್ವರ್ಟರ್ ಕರಗುವುದು ಇದರಿಂದ. ಹೊಸ ಕಾರ್ಡುಗಳ 16 ಪಿನ್ ಕೇಬಲ್ ಕಟ್ ಎಂದು ಪೂರ್ತಿ ಕೂರಬೇಕು, ಕನೆಕ್ಟರಿನಿಂದ 35 ಮಿಲಿಮೀಟರ್ ತನಕ ಬಗ್ಗಿಸಬಾರದು.

ಮನೆಗೆ ತಂದ ಮೇಲೆ

24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪಿಗೆ ಕೂಡಿಸಿ ಫ್ಯಾನ್ ತಿರುಗಿತು ಎಂದರೆ ಎಸ್‌ಎಂಪಿಎಸ್ ಶುರುವಾಗುತ್ತದೆ ಎಂದಷ್ಟೇ ಅರ್ಥ, ಹೊರೆ ಹೊರುತ್ತದೆ ಎಂದಲ್ಲ. ಹೊರೆಯ ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮಾಡಿ. ರೆಂಡರಿಂಗ್ ಅಥವಾ ಗೇಮ್ ಅರ್ಧ ತಾಸು ಓಡಿಸಿ, ಖಾಲಿ ಇರುವ 4 ಪಿನ್ ಮೊಲೆಕ್ಸ್ ಕನೆಕ್ಟರಿನ ಹಳದಿ–ಕಪ್ಪು ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. 11.4ರಿಂದ 12.6ರೊಳಗೆ ಇರಬೇಕು; ಒಳ್ಳೆಯದು 11.9ಕ್ಕಿಂತ ಕೆಳಗಿಳಿಯುವುದಿಲ್ಲ. ಕೆಂಪು–ಕಪ್ಪು ನಡುವೆ 4.75ರಿಂದ 5.25.

ಬ್ಲೋವರಿನಿಂದ ದೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದಿಡಿ, ಗಾಳಿಯ ಬಿರುಸಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಹೋಗುತ್ತದೆ. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಬಿಲ್ಲಿನ ಮೇಲೆ ಎಸ್‌ಎಂಪಿಎಸ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅದಿಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಕೊನೆಯ ಪರೀಕ್ಷೆ ಯುಪಿಎಸ್ ಜೊತೆ: ಮಷೀನ್ ಪೂರ್ತಿ ಹೊರೆಯಲ್ಲಿ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ. ಹೀಗೆ ಐದು ಸಲ. ಐದರಲ್ಲಿ ಒಂದು ಸಲ ರೀಸ್ಟಾರ್ಟ್ ಆದರೂ ಬದಲಿಸಿಕೊಡುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಒಯ್ಯಿರಿ.